ಕಲ್ಲಿನ ವಿಶ್ರಾಂತಿ ಗೃಹ, ಖಾಸಗಿ ತೋಟ ಮತ್ತು ಈಜುಕೊಳ: ನಿರ್ಮಾಣಕ್ಕೆ ಮುನ್ನ ನಾಗರಿಕರು ತಿಳಿದಿರಬೇಕಾದ ವಿಷಯಗಳು

ಪೀಠಿಕೆ

ಕರ್ನಾಟಕವು ಕಲ್ಲಿನ ನಾಡು. ಕರಾವಳಿಯಲ್ಲಿ ಕೆಂಪು ಮುರಕಲ್ಲು, ಬೆಂಗಳೂರಿನ ಸುತ್ತಮುತ್ತ ಬೂದುಬಣ್ಣದ ಗ್ರಾನೈಟ್, ಇಳಕಲ್ಲಿನ ಕೆಂಪು ಗ್ರಾನೈಟ್, ಬಾದಾಮಿಯ ಮರಳುಗಲ್ಲು, ಶಹಾಬಾದಿನ ಸುಣ್ಣಕಲ್ಲಿನ ಚಪ್ಪಡಿ, ಹಂಪಿ-ಆನೆಗೊಂದಿ ಪರಿಸರದ ಹೆಬ್ಬಂಡೆಗಳು ಹೀಗೆ ಪ್ರತಿಯೊಂದು ಸೀಮೆಯೂ ತನ್ನದೇ ಆದ ಕಲ್ಲನ್ನು ಹೊಂದಿದೆ. ಇತ್ತೀಚಿನ ವರ್ಷಗಳಲ್ಲಿ ಅನೇಕ ನಾಗರಿಕರು, ವಿಶೇಷವಾಗಿ ನಿವೃತ್ತಿಯ ಅಂಚಿನಲ್ಲಿರುವವರು ಹಾಗೂ ಹೊರದೇಶಗಳಲ್ಲಿ ದುಡಿದು ಮರಳಿದವರು, ತಮ್ಮ ಜಮೀನಿನಲ್ಲಿ ಸ್ಥಳೀಯ ಕಲ್ಲುಕುಟಿಗರಿಂದ ಕೈಗೆಲಸದ ಕಲ್ಲಿನ ಮನೆಯನ್ನು ಕಟ್ಟಿಸಿ, ಸುತ್ತ ತೋಟವನ್ನೂ ಒಂದು ಸಣ್ಣ ಈಜುಕೊಳವನ್ನೂ ನಿರ್ಮಿಸಿ, ಪ್ರವಾಸಿಗರಿಗೆ ಬಾಡಿಗೆಗೆ ನೀಡಲು ಆಸಕ್ತಿ ತೋರುತ್ತಿದ್ದಾರೆ.

ಇಂತಹ ಯೋಜನೆಗೆ ಸಂಬಂಧಿಸಿದ ಅನುಮತಿಗಳು ಒಂದೇ ಇಲಾಖೆಯ ವ್ಯಾಪ್ತಿಗೆ ಬರುವುದಿಲ್ಲ. ಕಂದಾಯ, ಗ್ರಾಮ ಪಂಚಾಯಿತಿ, ಯೋಜನಾ ಪ್ರಾಧಿಕಾರ, ಗಣಿ ಮತ್ತು ಭೂವಿಜ್ಞಾನ, ಅಂತರ್ಜಲ, ಅರಣ್ಯ, ಪುರಾತತ್ವ, ಪ್ರವಾಸೋದ್ಯಮ ಹೀಗೆ ಹಲವು ಕಚೇರಿಗಳನ್ನು ಸಂಪರ್ಕಿಸಬೇಕಾಗುತ್ತದೆ. ಅರ್ಜಿದಾರರು ಎಡವುವುದು ಹೆಚ್ಚಾಗಿ ಅನುಮತಿಗಳ ಸಂಖ್ಯೆಯಿಂದಲ್ಲ, ಅವುಗಳ ಅನುಕ್ರಮ ತಪ್ಪುವುದರಿಂದ. ಇಟ್ಟಿಗೆಯ ಗೋಡೆಯನ್ನು ಒಡೆದು ಬೇರೆಡೆ ಕಟ್ಟಬಹುದು. ಕಲ್ಲಿನ ಮನೆಯನ್ನು ಹಾಗೆ ಸರಿಸಲಾಗುವುದಿಲ್ಲ. ಆದುದರಿಂದ ಮೊದಲು ದಾಖಲೆ, ಅನಂತರ ಕಲ್ಲು ಎಂಬುದೇ ಈ ಪುಟದ ಒಟ್ಟು ಸಾರಾಂಶವಾಗಿದೆ.

1. ಜಮೀನಿನ ದಾಖಲೆಗಳ ಪರಿಶೀಲನೆ

ಜಮೀನನ್ನು ಖರೀದಿಸುವ ಮುನ್ನ ಅಥವಾ ಸ್ವಂತ ಜಮೀನಿನಲ್ಲಿ ನಿರ್ಮಾಣ ಆರಂಭಿಸುವ ಮುನ್ನ ಈ ಕೆಳಕಂಡ ಅಂಶಗಳನ್ನು ಪರಿಶೀಲಿಸತಕ್ಕದ್ದು.

(ಅ) ಪಹಣಿ: ‘ಭೂಮಿ’ ವ್ಯವಸ್ಥೆಯಲ್ಲಿ ದೊರೆಯುವ ಪಹಣಿ ಪತ್ರಿಕೆಯಲ್ಲಿ ಮಾಲೀಕರ ಹೆಸರು, ವಿಸ್ತೀರ್ಣ, ಸಾಲದ ಬೋಜ ಹಾಗೂ ಖರಾಬು ವಿಸ್ತೀರ್ಣವನ್ನು ಓದಿ ನೋಡಬೇಕು. ‘ಅ’ ಖರಾಬು ಎಂದರೆ ಸಾಗುವಳಿಗೆ ಯೋಗ್ಯವಲ್ಲದ ಭಾಗ. ‘ಬ’ ಖರಾಬು ಎಂದರೆ ಹಳ್ಳ, ದಾರಿ ಮುಂತಾದ ಸಾರ್ವಜನಿಕ ಉದ್ದೇಶಕ್ಕೆ ಕಾಯ್ದಿರಿಸಿದ ಭಾಗ. ಇದರಲ್ಲಿ ಖಾಸಗಿ ನಿರ್ಮಾಣಕ್ಕೆ ಅವಕಾಶವಿಲ್ಲ. ಹೆಬ್ಬಂಡೆಗಳೂ ಹಳ್ಳಗಳೂ ಇರುವ ರಮಣೀಯ ಸ್ಥಳಗಳಲ್ಲಿಯೇ ಖರಾಬು ಭಾಗ ಹೆಚ್ಚಾಗಿರುವುದರಿಂದ, ಮನೆಗೆ ಅತ್ಯಂತ ಸುಂದರವೆಂದು ತೋರುವ ಮೂಲೆಯೇ ಅರ್ಜಿದಾರರಿಗೆ ಸೇರದ ಮೂಲೆಯೂ ಆಗಿರುವ ಸಂಭವವುಂಟು.

(ಆ) ಮೋಜಣಿ ನಕ್ಷೆ: ಸರ್ವೆ ಇಲಾಖೆಯ ಮೂಲಕ ಹದ್ದುಬಸ್ತು ಮಾಡಿಸಿ, ಗಡಿಕಲ್ಲುಗಳನ್ನು ಗುರುತಿಸಿಕೊಳ್ಳಬೇಕು. ಸರ್ವೆ ನಂಬರಿನ ಒಂದು ಭಾಗವನ್ನು ಮಾತ್ರ ಖರೀದಿಸುವವರು 11ಇ ನಕ್ಷೆಯನ್ನು ಪಡೆಯಬೇಕು.

(ಇ) ಋಣಭಾರ ಪ್ರಮಾಣಪತ್ರ: ‘ಕಾವೇರಿ’ ತಂತ್ರಾಂಶದ ಮೂಲಕ ಸಾಧ್ಯವಾದಷ್ಟು ಹಿಂದಿನ ವರ್ಷಗಳಿಂದ ಪಡೆಯುವುದು ಕ್ಷೇಮ.

(ಈ) ಮಂಜೂರಾತಿ ಜಮೀನು: ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರಿಗೆ ಸರ್ಕಾರದಿಂದ ಮಂಜೂರಾದ ಜಮೀನನ್ನು ಸರ್ಕಾರದ ಪೂರ್ವಾನುಮತಿಯಿಲ್ಲದೆ ವರ್ಗಾಯಿಸುವುದನ್ನು 1978ರ ಅಧಿನಿಯಮವು ನಿಷೇಧಿಸಿದೆ. ಇಂತಹ ವರ್ಗಾವಣೆಯು ಅಸಿಂಧುವಾಗಿದ್ದು, ಜಮೀನು ಮೂಲ ಮಂಜೂರಾತಿದಾರರಿಗೆ ಅಥವಾ ಅವರ ವಾರಸುದಾರರಿಗೆ ಹಿಂದಿರುಗುತ್ತದೆ. ಮಧ್ಯವರ್ತಿಗಳ ಮಾತನ್ನು ನಂಬದೆ, ಮಂಜೂರಾತಿ ಆದೇಶ ಹಾಗೂ ಮ್ಯುಟೇಶನ್ ಪ್ರತಿಗಳನ್ನು ತಾಲ್ಲೂಕು ಕಚೇರಿಯಿಂದ ನೇರವಾಗಿ ಪಡೆಯುವುದು ಉತ್ತಮ.

ಕರ್ನಾಟಕ ಭೂ ಸುಧಾರಣೆಗಳ ಅಧಿನಿಯಮ, 1961ರ ಕಲಂ 79ಎ ಮತ್ತು 79ಬಿ ಅನ್ನು 2020ರಲ್ಲಿ ಕೈಬಿಡಲಾಗಿದ್ದು, ಕೃಷಿಕರಲ್ಲದವರೂ ಕೃಷಿ ಜಮೀನನ್ನು ಖರೀದಿಸಬಹುದಾಗಿದೆ. ಆದರೆ ಖರೀದಿಸುವ ಹಕ್ಕು ದೊರೆತ ಮಾತ್ರಕ್ಕೆ ಕಟ್ಟಡ ಕಟ್ಟುವ ಹಕ್ಕು ದೊರೆಯುವುದಿಲ್ಲ ಎಂಬುದನ್ನು ಗಮನಿಸಬೇಕು.

2. ತೋಟದ ಮನೆ ಹಾಗೂ ವಿಶ್ರಾಂತಿ ಗೃಹ: ವ್ಯತ್ಯಾಸ

ಅರ್ಜಿದಾರರಲ್ಲಿ ಅತ್ಯಂತ ಹೆಚ್ಚಾಗಿ ಕಂಡುಬರುವ ತಪ್ಪು ತಿಳಿವಳಿಕೆ ಈ ವಿಷಯದಲ್ಲಿಯೇ ಇದೆ. ಕರ್ನಾಟಕ ಭೂ ಕಂದಾಯ ಅಧಿನಿಯಮ, 1964ರ ಕಲಂ 95ರಂತೆ ಕೃಷಿಕರು ತಮ್ಮ ಹಿಡುವಳಿಯಲ್ಲಿ ಮಿತ ಪ್ರಮಾಣದ ತೋಟದ ಮನೆಯನ್ನು ಭೂ ಪರಿವರ್ತನೆಯಿಲ್ಲದೆ ಕಟ್ಟಿಕೊಳ್ಳಬಹುದು. ಅದರ ವಿಸ್ತೀರ್ಣವು ಹಿಡುವಳಿಯ ಶೇ. 10ನ್ನು ಮೀರುವಂತಿಲ್ಲ. ಆದರೆ ತೋಟದ ಮನೆ ಎಂದರೆ ಕೃಷಿಕರ ಸ್ವಂತ ವಾಸಕ್ಕೆ, ಕೃಷಿ ಉಪಕರಣಗಳನ್ನು ಇಡಲು, ದನಕರುಗಳನ್ನು ಕಟ್ಟಲು ಬಳಸುವ ಕಟ್ಟಡವೇ ಹೊರತು ಅನ್ಯವಲ್ಲ. ಅದನ್ನು ವಾಣಿಜ್ಯ ಉದ್ದೇಶಕ್ಕಾಗಿ ಬಾಡಿಗೆಗೆ ನೀಡುವಂತಿಲ್ಲ.

ಉದಾಹರಣೆಗೆ, ಒಬ್ಬ ನಿವೃತ್ತ ನೌಕರರು 1 ಎಕರೆ 20 ಗುಂಟೆ ಜಮೀನಿನಲ್ಲಿ ‘ತೋಟದ ಮನೆ’ ಎಂದು ಹೇಳಿಕೊಂಡು ಕಲ್ಲಿನ ಮನೆ ಕಟ್ಟಿಸಿ, ಉಪದಾನದ ಹಣವನ್ನೆಲ್ಲ ಅದಕ್ಕೆ ತೊಡಗಿಸಿ, ಮರುವರ್ಷ ಈಜುಕೊಳವನ್ನೂ ಸೇರಿಸಿ ದಿನಬಾಡಿಗೆಗೆ ನೀಡಲಾರಂಭಿಸಿದರು ಎಂದು ಭಾವಿಸೋಣ. ಬಾಡಿಗೆಗೆ ನೀಡಿದ ದಿನದಿಂದಲೇ ಆ ಕಟ್ಟಡವು ತೋಟದ ಮನೆಯ ವ್ಯಾಖ್ಯೆಯಿಂದ ಹೊರಬೀಳುತ್ತದೆ. ಪರಿವರ್ತನೆಯಿಲ್ಲದೆ ಕೃಷಿಯೇತರ ಉದ್ದೇಶಕ್ಕೆ ಬಳಸಿದ ಜಮೀನಿನ ಮೇಲೆ ಕಲಂ 96ರಂತೆ ದಂಡನಾ ಕ್ರಮ ಜರುಗಿಸಲು ಅವಕಾಶವಿದೆ. ಬ್ಯಾಂಕಿನ ಸಾಲ, ಪ್ರವಾಸೋದ್ಯಮ ಇಲಾಖೆಯ ನೋಂದಣಿ, ವಿಮೆ ಈ ಯಾವುದಕ್ಕೂ ಅಂತಹ ಕಟ್ಟಡದ ದಾಖಲೆಗಳು ಆಧಾರವಾಗುವುದಿಲ್ಲ. ಕಟ್ಟಡವು ಎಷ್ಟೇ ಗಟ್ಟಿಯಾಗಿದ್ದರೂ ಅದರ ಬುಡದಲ್ಲಿರುವ ಕಾಗದವು ದುರ್ಬಲವಾಗಿರುತ್ತದೆ.

ಆದುದರಿಂದ ಬಾಡಿಗೆಗೆ ನೀಡುವ ಉದ್ದೇಶವಿದ್ದಲ್ಲಿ, ಆರಂಭದಲ್ಲಿಯೇ ಆ ಉದ್ದೇಶವನ್ನು ಸ್ಪಷ್ಟವಾಗಿ ನಮೂದಿಸಿ ಜಿಲ್ಲಾಧಿಕಾರಿಗಳಿಗೆ ಭೂ ಪರಿವರ್ತನೆಗಾಗಿ ಅರ್ಜಿ ಸಲ್ಲಿಸತಕ್ಕದ್ದು. ವಾಸದ ಉದ್ದೇಶಕ್ಕೆ ಪರಿವರ್ತನೆಯಾದ ಜಮೀನನ್ನು ವಾಣಿಜ್ಯ ಉದ್ದೇಶಕ್ಕೆ ಬಳಸುವುದೂ ಆದೇಶದ ಷರತ್ತಿನ ಉಲ್ಲಂಘನೆಯಾಗುತ್ತದೆ.

3. ಸ್ಥಳಕ್ಕೆ ಅನ್ವಯವಾಗುವ ವಿಶೇಷ ನಿರ್ಬಂಧಗಳು

ಕಲ್ಲಿನ ಮನೆಗಳಿಗೆ ನಾಗರಿಕರು ಆರಿಸಿಕೊಳ್ಳುವ ಸ್ಥಳಗಳು ಸಾಮಾನ್ಯವಾಗಿ ಸ್ಮಾರಕ, ನದಿ, ಸಮುದ್ರ ಅಥವಾ ಕಾಡಿನ ಸಮೀಪದಲ್ಲಿರುತ್ತವೆ. ಇವುಗಳಲ್ಲಿ ಪ್ರತಿಯೊಂದಕ್ಕೂ ಪ್ರತ್ಯೇಕ ಕಾನೂನು ಇದೆ.

ಸ್ಮಾರಕಗಳ ಸಮೀಪ: ಕೇಂದ್ರ ಸರ್ಕಾರದ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶವಾಗಿದ್ದು, ಅದರಾಚೆಗಿನ 200 ಮೀಟರ್ ನಿಯಂತ್ರಿತ ಪ್ರದೇಶವಾಗಿರುತ್ತದೆ. 1958ರ ಅಧಿನಿಯಮಕ್ಕೆ 2010ರಲ್ಲಿ ತಿದ್ದುಪಡಿಯಾದ ಬಳಿಕ ಈ ನಿರ್ಬಂಧವು ಕಟ್ಟುನಿಟ್ಟಾಗಿದೆ. ನಿಯಂತ್ರಿತ ಪ್ರದೇಶದಲ್ಲಿ ಮನೆಗೆ ಮಾತ್ರವಲ್ಲದೆ ಈಜುಕೊಳದಂತಹ ನಿರ್ಮಾಣಕ್ಕೂ ಪೂರ್ವಾನುಮತಿ ಅಗತ್ಯ.

ಹಂಪಿ ಪ್ರದೇಶ: ಹಂಪಿಯ ಸ್ಮಾರಕ ಸಮೂಹವು 1986ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಇಲ್ಲಿ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರ ಅಧಿನಿಯಮ, 2002 ಅನ್ವಯವಾಗುತ್ತದೆ. ಹಂಪಿಯ ಎದುರು, ತುಂಗಭದ್ರೆಯ ನಡುವೆ ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿಗೆ ಸೇರಿದ ವಿರೂಪಾಪುರ ಗಡ್ಡೆಯಲ್ಲಿ ನಡೆದ ಸಂಗತಿಯನ್ನು ಪ್ರತಿಯೊಬ್ಬ ಅರ್ಜಿದಾರರೂ ನೆನಪಿನಲ್ಲಿಡಬೇಕು. ಅಲ್ಲಿ ಹಲವು ವರ್ಷ ನಡೆಯುತ್ತಿದ್ದ ರೆಸಾರ್ಟ್ ಹಾಗೂ ವಸತಿಗೃಹಗಳ ತೆರವನ್ನು ಎತ್ತಿಹಿಡಿದು ಸರ್ವೋಚ್ಚ ನ್ಯಾಯಾಲಯವು 2020ರ ಫೆಬ್ರವರಿ 11ರಂದು ತೀರ್ಪು ನೀಡಿತು. ಅದರಂತೆ ಮಾರ್ಚ್ ತಿಂಗಳಿನಲ್ಲಿ ಕಟ್ಟಡಗಳನ್ನು ಕೆಡವಲಾಯಿತು. ಹಲವು ವರ್ಷ ನಡೆದುಕೊಂಡು ಬಂದಿದೆ, ನೆರೆಹೊರೆಯವರೂ ಹಾಗೆಯೇ ಕಟ್ಟಿದ್ದಾರೆ ಎಂಬ ಸಮಾಧಾನವು ಕಾನೂನಿನ ಮುಂದೆ ನಿಲ್ಲುವುದಿಲ್ಲ ಎಂಬುದಕ್ಕೆ ಇದು ಸಾಕ್ಷಿ.

ಕರಾವಳಿ: ಸಮುದ್ರದ ಉಬ್ಬರ ರೇಖೆಯಿಂದ ಭೂಭಾಗದ ಕಡೆಗೆ 500 ಮೀಟರ್ ಒಳಗಿನ ಪ್ರದೇಶವು ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ, 2019ಕ್ಕೆ ಒಳಪಡುತ್ತದೆ. ಉಬ್ಬರವಿಳಿತದ ಪ್ರಭಾವವಿರುವ ನದಿ ಹಾಗೂ ಅಳಿವೆಗಳ ದಡಕ್ಕೂ ಪ್ರತ್ಯೇಕ ಅಂತರ ನಿಗದಿಯಾಗಿದೆ.

ಮಲೆನಾಡು: ಇಳಿಜಾರನ್ನು ಕಡಿದು ಸಮತಟ್ಟು ಮಾಡುವುದು ಅಪಾಯಕರ. 2018ರ ಆಗಸ್ಟ್ ತಿಂಗಳಿನ ಕೊಡಗಿನ ಭೂಕುಸಿತಗಳು ಈ ಎಚ್ಚರಿಕೆಯನ್ನು ಎಲ್ಲರಿಗೂ ನೀಡಿವೆ. ಮರಗಳನ್ನು ಕಡಿಯಬೇಕಾದಲ್ಲಿ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ, 1976ರಂತೆ ಅನುಮತಿ ಪಡೆಯಬೇಕಾಗುತ್ತದೆ.

4. ಕಟ್ಟಡ ನಕ್ಷೆ ಮತ್ತು ಪರವಾನಗಿ

ಭೂ ಪರಿವರ್ತನೆಯ ಆದೇಶ ದೊರೆತ ನಂತರ, ಸ್ಥಳವು ಯೋಜನಾ ಪ್ರಾಧಿಕಾರದ ವ್ಯಾಪ್ತಿಯಲ್ಲಿದ್ದರೆ ಅಲ್ಲಿಂದ ವಿನ್ಯಾಸಕ್ಕೆ ಅನುಮೋದನೆ ಪಡೆದು, ಗ್ರಾಮ ಪಂಚಾಯಿತಿಯಿಂದ ಕಟ್ಟಡ ಪರವಾನಗಿ ಪಡೆಯತಕ್ಕದ್ದು. ಗ್ರಾಮೀಣ ಆಸ್ತಿಗಳಿಗೆ ‘ಇ-ಸ್ವತ್ತು’ ತಂತ್ರಾಂಶದ ಮೂಲಕ ನಮೂನೆ 9 ಮತ್ತು 11 ನೀಡಲಾಗುತ್ತದೆ. ಈಜುಕೊಳ, ಪಂಪು ಕೊಠಡಿ, ಕಾಂಪೌಂಡು ಗೋಡೆ, ಕಾವಲುಗಾರರ ಕೊಠಡಿ ಇವೆಲ್ಲವನ್ನೂ ಮೊದಲ ನಕ್ಷೆಯಲ್ಲಿಯೇ ತೋರಿಸಬೇಕು. ಮನೆಯನ್ನು ಮಾತ್ರ ತೋರಿಸಿ ಕೊಳವನ್ನು ಆಮೇಲೆ ಸೇರಿಸಿಕೊಳ್ಳುವ ಪದ್ಧತಿಯು ಪರವಾನಗಿಯ ಉಲ್ಲಂಘನೆಯಾಗುತ್ತದೆ. ಕಟ್ಟಡ ಕಾರ್ಮಿಕರ ಕಲ್ಯಾಣಕ್ಕಾಗಿ ನಿರ್ಮಾಣ ವೆಚ್ಚದ ಶೇ. 1ರಷ್ಟು ಸುಂಕವು ಅನ್ವಯವಾಗುವುದನ್ನು ಅಂದಾಜು ಪಟ್ಟಿಯಲ್ಲಿ ಸೇರಿಸಿಕೊಳ್ಳಬೇಕು.

5. ಕಲ್ಲಿನ ಖರೀದಿ

ಕಟ್ಟಡದ ಕಲ್ಲು ಉಪಖನಿಜವಾಗಿದ್ದು, ಕರ್ನಾಟಕ ಉಪಖನಿಜ ರಿಯಾಯಿತಿ ನಿಯಮಗಳು, 1994ಕ್ಕೆ ಒಳಪಡುತ್ತದೆ. ಪರವಾನಗಿ ಪಡೆದ ಕಲ್ಲುಗಣಿಯಿಂದ ಮಾತ್ರ ಕಲ್ಲನ್ನು ಖರೀದಿಸಿ, ಪ್ರತಿ ಲಾರಿಯ ಸಾಗಣೆ ಪರವಾನಗಿ ಹಾಗೂ ಬಿಲ್ಲನ್ನು ಕಡತದಲ್ಲಿ ಇಟ್ಟುಕೊಳ್ಳತಕ್ಕದ್ದು. ಪರವಾನಗಿಯಿಲ್ಲದ ಕಲ್ಲು ಅಗ್ಗವಾಗಿ ದೊರೆತರೂ, ವಾಹನ ಜಪ್ತಿಯಾದಾಗ ಕಾಮಗಾರಿ ನಿಲ್ಲುವುದು ಮಾಲೀಕರಿಗೇ ನಷ್ಟ. ಸ್ವಂತ ಜಮೀನಿನಲ್ಲಿರುವ ಬಂಡೆಯನ್ನು ಒಡೆಯುವ ಮುನ್ನವೂ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ವಿಚಾರಿಸಬೇಕು. ಅನುಮತಿಯಿಲ್ಲದೆ ಸಿಡಿಮದ್ದು ಬಳಸುವುದು ಅಪರಾಧ.

ಗಮನಿಸಿ: ಅಡಿಪಾಯ ಅಗೆಯುವಾಗ ವೀರಗಲ್ಲು, ಮಾಸ್ತಿಗಲ್ಲು, ಶಾಸನ, ವಿಗ್ರಹ ಅಥವಾ ಕೆತ್ತನೆಯ ಕಂಬ ದೊರೆತಲ್ಲಿ ಕೆಲಸವನ್ನು ನಿಲ್ಲಿಸಿ ತಹಸೀಲ್ದಾರರಿಗೆ ತಿಳಿಸಬೇಕು. ಅವುಗಳನ್ನು ಗೋಡೆಗೆ ಸೇರಿಸುವುದಾಗಲಿ, ತೋಟದ ಅಲಂಕಾರಕ್ಕೆ ನಿಲ್ಲಿಸುವುದಾಗಲಿ, ಹಳೆಯ ದೇಗುಲದ ಕಲ್ಲುಗಳನ್ನು ಕೊಂಡು ತರುವುದಾಗಲಿ ಕೂಡದು. 100 ವರ್ಷ ಹಾಗೂ ಅದಕ್ಕೂ ಹಳೆಯ ಶಿಲ್ಪಗಳು 1972ರ ಅಧಿನಿಯಮದಂತೆ ಪ್ರಾಚೀನ ವಸ್ತುಗಳೆನಿಸುತ್ತವೆ. ಒಂದು ಊರಿನ ವೀರಗಲ್ಲು ಆ ಊರಿನ ಚರಿತ್ರೆಯ ಪುಟವಾಗಿದ್ದು, ಸ್ಥಳ ಬದಲಾದರೆ ಅದರ ಅರ್ಥದ ಬಹುಭಾಗ ಕಳೆದುಹೋಗುತ್ತದೆ.

6. ಕಲ್ಲಿನ ಗೋಡೆಯ ತಾಂತ್ರಿಕ ಅಂಶಗಳು

ಗ್ರಾನೈಟ್ ಕಲ್ಲು ಘನಮೀಟರಿಗೆ ಸುಮಾರು 2.6 ಟನ್ ತೂಗುತ್ತದೆ. 10 ಮೀಟರ್ ಉದ್ದ, 3 ಮೀಟರ್ ಎತ್ತರ ಮತ್ತು 45 ಸೆಂ.ಮೀ. ದಪ್ಪದ ಒಂದು ಗೋಡೆಯು 13.5 ಘನಮೀಟರ್ ಆಗುತ್ತದೆ. ಅದರ ತೂಕ 30 ಟನ್ನಿಗೂ ಮಿಗಿಲು. ಅಷ್ಟೇ ಉದ್ದ ಮತ್ತು ಎತ್ತರದ 23 ಸೆಂ.ಮೀ. ಇಟ್ಟಿಗೆ ಗೋಡೆಯ ತೂಕ ಸುಮಾರು 13 ಟನ್ ಮಾತ್ರ. ಆದುದರಿಂದ ಮಣ್ಣಿನ ಪರೀಕ್ಷೆ ಮಾಡಿಸದೆ ಕಲ್ಲಿನ ಮನೆಗೆ ಅಡಿಪಾಯ ಹಾಕುವುದು ಸರಿಯಲ್ಲ. ಎರೆಮಣ್ಣಿನ ಪ್ರದೇಶಗಳಲ್ಲಿ ಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುವುದರಿಂದ ಇನ್ನೂ ಹೆಚ್ಚಿನ ಎಚ್ಚರ ಬೇಕು.

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ನೆರೆಯ ಮಹಾರಾಷ್ಟ್ರದ ಲಾತೂರ್ ಜಿಲ್ಲೆಯ ಕಿಲ್ಲಾರಿ ಪರಿಸರದಲ್ಲಿ ಸಂಭವಿಸಿದ ಭೂಕಂಪದಲ್ಲಿ ಸಾವಿರಾರು ಜನರು ಪ್ರಾಣ ಕಳೆದುಕೊಂಡರು. ಅವರಲ್ಲಿ ಹೆಚ್ಚಿನವರು ಮಲಗಿದ್ದುದು ದಪ್ಪ ಕಲ್ಲಿನ ಗೋಡೆಗಳ ಮನೆಗಳಲ್ಲಿ. ಆ ಗೋಡೆಗಳ ಹೊರಮುಖ ಮತ್ತು ಒಳಮುಖಗಳ ನಡುವೆ ಬೆಸುಗೆ ಇರಲಿಲ್ಲ. ಕಲ್ಲುಗಳನ್ನು ಹಿಡಿದಿದ್ದುದು ಮಣ್ಣಿನ ಗಾರೆ ಮಾತ್ರ. ದಪ್ಪವಾದ ಗೋಡೆಯೇ ಭದ್ರವಾದ ಗೋಡೆ ಎಂಬ ನಂಬಿಕೆಯು ಅಂದು ಸುಳ್ಳಾಯಿತು. ಈ ಹಿನ್ನೆಲೆಯಲ್ಲಿ ಭಾರತೀಯ ಮಾನಕ ಐಎಸ್ 13828ರಲ್ಲಿ ಸೂಚಿಸಿರುವ ಮುಖ್ಯ ಅಂಶಗಳು ಹೀಗಿವೆ:

• ಗೋಡೆಯ ದಪ್ಪವು 45 ಸೆಂ.ಮೀ.ಗಿಂತ ಹೆಚ್ಚಿರಬಾರದು.
• ಗೋಡೆಯ ಎರಡೂ ಮುಖಗಳನ್ನು ತಲುಪುವ ಬಂಧಕ ಕಲ್ಲುಗಳನ್ನು ಪ್ರತಿ 60 ಸೆಂ.ಮೀ. ಎತ್ತರಕ್ಕೆ, ಒಂದರಿಂದ ಒಂದಕ್ಕೆ 1.2 ಮೀಟರ್ ಮೀರದ ಅಂತರದಲ್ಲಿ ಇಡಬೇಕು.
• ಮೂಲೆಗಳಲ್ಲಿ ಮತ್ತು ಗೋಡೆಗಳು ಕೂಡುವಲ್ಲಿ ಉದ್ದನೆಯ ಕಲ್ಲುಗಳನ್ನು ಬಳಸಬೇಕು.
• ಭೂಕಂಪದ ವಲಯಕ್ಕೆ ಅನುಗುಣವಾಗಿ, ಬಾಗಿಲು ಕಿಟಕಿಗಳ ಮೇಲ್ಮಟ್ಟದಲ್ಲಿ ಮನೆಯ ಸುತ್ತಲೂ ಕಡಿಯದೆ ಸಾಗುವ ಕಾಂಕ್ರೀಟ್ ಅಥವಾ ಮರದ ಪಟ್ಟಿ ಇರಬೇಕು.

ಬಂಧಕ ಕಲ್ಲುಗಳು ಗೋಡೆ ಮುಗಿದ ಮೇಲೆ ಸುಲಭವಾಗಿ ಕಣ್ಣಿಗೆ ಕಾಣುವುದಿಲ್ಲ. ಆದ್ದರಿಂದ ಕೆಲಸ ನಡೆಯುತ್ತಿರುವಾಗಲೇ ಎಂಜಿನಿಯರರು ಅಳತೆ ಮಾಡಿ, ಛಾಯಾಚಿತ್ರ ಸಹಿತ ದಾಖಲಿಸುವುದು ಅಪೇಕ್ಷಣೀಯ.

ಮುರಕಲ್ಲು ಗಣಿಯಿಂದ ತೆಗೆದಾಗ ಮೃದುವಾಗಿದ್ದು, ಗಾಳಿಗೆ ಒಡ್ಡಿದಂತೆ ಗಟ್ಟಿಯಾಗುತ್ತದೆ. ಹಸಿ ಕಲ್ಲನ್ನು ಕೂಡಲೇ ಬಳಸದೆ ಒಣಗಲು ಬಿಡುವ ಹಿರಿಯರ ಪದ್ಧತಿಗೆ ಸಕಾರಣವಿದೆ.

ಕಲ್ಲುಕುಟಿಗರ ಆರೋಗ್ಯ: ಕಲ್ಲಿನ ಧೂಳಿನಲ್ಲಿರುವ ಸಿಲಿಕಾ ಕಣಗಳು ಶ್ವಾಸಕೋಶವನ್ನು ಸೇರಿ ಸಿಲಿಕೋಸಿಸ್ ಎಂಬ ವಾಸಿಯಾಗದ ಕಾಯಿಲೆಯನ್ನು ಉಂಟುಮಾಡುತ್ತವೆ. ಯಂತ್ರದಿಂದ ಕಲ್ಲು ಕೊಯ್ಯುವಾಗ ನೀರು ಹಾಯಿಸುವುದು, ಸೂಕ್ತ ಮುಖಗವಸು ನೀಡುವುದು ಹಾಗೂ ಕಾರ್ಮಿಕರನ್ನು ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಲು ನೆರವಾಗುವುದು ಕೆಲಸ ಮಾಡಿಸುವವರ ಕರ್ತವ್ಯ. ಅತಿಥಿಗಳು ಮೆಚ್ಚುವ ಗೋಡೆಯು ಅದನ್ನು ಕಟ್ಟಿದವರ ಉಸಿರನ್ನು ಕಸಿದುಕೊಂಡಿರಬಾರದು.

7. ನೀರಿನ ಲೆಕ್ಕ

ಈಜುಕೊಳಕ್ಕೆ ಅರ್ಜಿ ಸಲ್ಲಿಸುವ ಮುನ್ನ ನೀರಿನ ಆಯವ್ಯಯವನ್ನು ಸಿದ್ಧಪಡಿಸಿಕೊಳ್ಳುವುದು ಸೂಕ್ತ. 8 ಮೀಟರ್ ಉದ್ದ, 4 ಮೀಟರ್ ಅಗಲ, ಸರಾಸರಿ 1.2 ಮೀಟರ್ ಆಳದ ಕೊಳಕ್ಕೆ ಮಾದರಿ ಲೆಕ್ಕ ಹೀಗಿದೆ:

• ಒಮ್ಮೆ ತುಂಬಲು ಬೇಕಾದ ನೀರು: 38,400 ಲೀಟರ್
• 6,000 ಲೀಟರ್ ಸಾಮರ್ಥ್ಯದ ಟ್ಯಾಂಕರುಗಳಲ್ಲಿ: 7 ಬಾರಿ
• ದಿನಕ್ಕೆ 5 ಮಿ.ಮೀ. ಆವಿಯಾದರೆ ಆಗುವ ನಷ್ಟ: 160 ಲೀಟರ್
• 30 ದಿನಗಳ ನಷ್ಟ: 4,800 ಲೀಟರ್

ಜಲ ಜೀವನ್ ಮಿಷನ್ ಗ್ರಾಮೀಣ ಪ್ರದೇಶದಲ್ಲಿ ಒಬ್ಬರಿಗೆ ದಿನಕ್ಕೆ 55 ಲೀಟರ್ ನೀರನ್ನು ನಿಗದಿಪಡಿಸಿದೆ. ಆ ಪ್ರಕಾರ ಒಂದು ಸಣ್ಣ ಕೊಳವನ್ನು ಒಮ್ಮೆ ತುಂಬುವ ನೀರು ಸುಮಾರು 700 ಜನರ ಒಂದು ದಿನದ ಪಾಲು. ಬೇಸಿಗೆಯಲ್ಲಿ ಊರಿನ ಕೊಳವೆಬಾವಿ ಬತ್ತಿದಾಗ ಕಾಂಪೌಂಡಿನ ಒಳಗಿನ ನೀಲಿ ಕೊಳವು ಊರಿನವರೊಡನೆ ವಿರಸಕ್ಕೆ ಕಾರಣವಾಗದಿರಬೇಕಾದರೆ, ಈ ಲೆಕ್ಕವನ್ನು ಮೊದಲೇ ಮಾಡಿಕೊಳ್ಳಬೇಕು. 2024ರ ಮಾರ್ಚ್‌ನಲ್ಲಿ ನೀರಿನ ಕೊರತೆ ತೀವ್ರವಾದಾಗ ಬೆಂಗಳೂರು ಜಲಮಂಡಳಿಯು ಈಜುಕೊಳಗಳಿಗೆ ಕುಡಿಯುವ ನೀರಿನ ಬಳಕೆಯನ್ನು ನಿಷೇಧಿಸಿ, ಉಲ್ಲಂಘಿಸಿದವರಿಗೆ 5,000 ರೂ. ದಂಡವನ್ನು ಪ್ರಕಟಿಸಿತ್ತು.

ಪರಿಹಾರವೂ ಲೆಕ್ಕದಲ್ಲಿಯೇ ಇದೆ. ವರ್ಷಕ್ಕೆ 600 ಮಿ.ಮೀ. ಮಳೆಯಾಗುವ ಸ್ಥಳದಲ್ಲಿ 100 ಚದರ ಮೀಟರ್ ಛಾವಣಿಯ ಮೇಲೆ ಬಿದ್ದ ಮಳೆಯ ಶೇ. 80ರಷ್ಟನ್ನು ಸಂಗ್ರಹಿಸಿದರೆ 48,000 ಲೀಟರ್ ದೊರೆಯುತ್ತದೆ. ಕೊಳವನ್ನು ವರ್ಷಕ್ಕೊಮ್ಮೆ ತುಂಬಲು ಇದು ಸಾಕು. ಬಳಸದ ವೇಳೆ ಕೊಳವನ್ನು ಹೊದಿಕೆಯಿಂದ ಮುಚ್ಚಿದರೆ ಆವಿಯಾಗುವ ನೀರು ಬಹುಮಟ್ಟಿಗೆ ಉಳಿಯುತ್ತದೆ.

ಕೊಳವೆಬಾವಿ: ಕರ್ನಾಟಕ ಅಂತರ್ಜಲ ಅಧಿನಿಯಮ, 2011ರಂತೆ ಅಧಿಸೂಚಿತ ಪ್ರದೇಶಗಳಲ್ಲಿ ಹೊಸ ಕೊಳವೆಬಾವಿ ಕೊರೆಯಲು ಅಂತರ್ಜಲ ಪ್ರಾಧಿಕಾರದ ಅನುಮತಿ ಅಗತ್ಯ. ಸರ್ವೋಚ್ಚ ನ್ಯಾಯಾಲಯದ 2010ರ ಮಾರ್ಗಸೂಚಿಯಂತೆ ಕೊರೆಯುವ 15 ದಿನಗಳ ಮುನ್ನ ಸಂಬಂಧಿಸಿದ ಅಧಿಕಾರಿಗಳಿಗೆ ಲಿಖಿತವಾಗಿ ತಿಳಿಸಬೇಕು. ವಿಫಲವಾದ ಕೊಳವೆಬಾವಿಯನ್ನು ತಕ್ಷಣ ಮುಚ್ಚಿಸತಕ್ಕದ್ದು.

ತೋಟ: ಹುಲ್ಲುಹಾಸಿಗಿಂತ ಬೇವು, ಹೊಂಗೆ, ನೇರಳೆ, ಸಂಪಿಗೆಯಂತಹ ಮರಗಳು ಕಡಿಮೆ ನೀರಿನಲ್ಲಿ ಹೆಚ್ಚು ನೆರಳು ನೀಡುತ್ತವೆ. ಸ್ನಾನಗೃಹದ ನೀರನ್ನು ಶುದ್ಧೀಕರಿಸಿ ತೋಟಕ್ಕೆ ಹಾಯಿಸಬಹುದು. ಕ್ಲೋರಿನ್ ಬೆರೆತ ಕೊಳದ ನೀರನ್ನು ಹಳ್ಳಕ್ಕಾಗಲಿ ಕೆರೆಗಾಗಲಿ ಬಿಡಬಾರದು.

8. ಈಜುಕೊಳದ ಸುರಕ್ಷತೆ

2024ರ ನವೆಂಬರ್‌ನಲ್ಲಿ ಮಂಗಳೂರು ಸಮೀಪದ ಒಂದು ಖಾಸಗಿ ರೆಸಾರ್ಟಿನ ಈಜುಕೊಳದಲ್ಲಿ ಮೈಸೂರಿನಿಂದ ಬಂದಿದ್ದ ಮೂವರು ಯುವತಿಯರು ಮುಳುಗಿ ಮೃತಪಟ್ಟರು. ಖಾಸಗಿ ಕೊಳ ಸಣ್ಣದು, ಆದ್ದರಿಂದ ಅಪಾಯವಿಲ್ಲ ಎಂಬ ಭಾವನೆಯು ತಪ್ಪು. ಮುಳುಗುವ ವ್ಯಕ್ತಿಯು ಸಾಮಾನ್ಯವಾಗಿ ಕೂಗಿ ಕರೆಯುವ ಸ್ಥಿತಿಯಲ್ಲಿರುವುದಿಲ್ಲ. ಕೆಲವೇ ನಿಮಿಷಗಳಲ್ಲಿ ಎಲ್ಲವೂ ಮುಗಿದುಹೋಗುತ್ತದೆ. ಆದುದರಿಂದ ಈ ಕೆಳಗಿನ ವ್ಯವಸ್ಥೆಗಳನ್ನು ಮಾಡಿಕೊಳ್ಳುವುದು ಅತ್ಯಗತ್ಯ:

• ಕೊಳದ ನಾಲ್ಕೂ ಬದಿಗೆ ಕನಿಷ್ಠ 1.2 ಮೀಟರ್ ಎತ್ತರದ ಬೇಲಿ, ತಾನಾಗಿಯೇ ಮುಚ್ಚಿಕೊಳ್ಳುವ ಬಾಗಿಲು.
• ಆಳವನ್ನು ಸೂಚಿಸುವ ಫಲಕಗಳು ಕನ್ನಡದಲ್ಲಿಯೂ ಅತಿಥಿಗಳಿಗೆ ಅರ್ಥವಾಗುವ ಇತರ ಭಾಷೆಗಳಲ್ಲಿಯೂ ಇರಬೇಕು.
• ಆಳವು ಹಠಾತ್ತನೆ ಹೆಚ್ಚಾಗದಂತೆ ತಳದ ವಿನ್ಯಾಸ. ಸಣ್ಣ ಕೊಳಗಳಲ್ಲಿ 1.2 ಮೀಟರಿಗಿಂತ ಹೆಚ್ಚು ಆಳವನ್ನು ತಪ್ಪಿಸುವುದು ಒಳಿತು.
• ಜೀವರಕ್ಷಕ ಉಂಗುರ, ಉದ್ದನೆಯ ಕೋಲು, ಹಗ್ಗ ಇವು ಸದಾ ಕೈಗೆಟುಕುವಂತಿರಬೇಕು.
• ಕೊಳ ಬಳಕೆಯಲ್ಲಿರುವಾಗ ಈಜು ಬಲ್ಲ ಹಾಗೂ ಪ್ರಥಮ ಚಿಕಿತ್ಸೆಯಲ್ಲಿ ತರಬೇತಿ ಪಡೆದ ಒಬ್ಬರ ಹಾಜರಿ.
• ನಯಗೊಳಿಸಿದ ಗ್ರಾನೈಟ್ ನೀರು ಬಿದ್ದಾಗ ಜಾರುವುದರಿಂದ ಕೊಳದ ಅಂಚಿಗೆ ಒರಟಾದ ಮೇಲ್ಮೈಯ ಕಲ್ಲು.
• ನೀರೊಳಗಿನ ದೀಪಗಳಿಗೆ 12 ವೋಲ್ಟ್ ವಿದ್ಯುತ್. ಪಂಪಿನ ಮಾರ್ಗಕ್ಕೆ 30 ಮಿಲಿ ಆಂಪಿಯರ್ ಸೋರಿಕೆ ರಕ್ಷಕ ಹಾಗೂ ಸಮರ್ಪಕ ಅರ್ಥಿಂಗ್.
• ನೀರಿನ ಗುಣಮಟ್ಟದ ದೈನಂದಿನ ಪರೀಕ್ಷೆ ಮತ್ತು ದಾಖಲೆ ಪುಸ್ತಕ. ಈ ಕುರಿತು ಭಾರತೀಯ ಮಾನಕ ಐಎಸ್ 3328 ಇದೆ. ಕ್ಲೋರಿನ್ ಪುಡಿಯನ್ನು ಆಮ್ಲದೊಂದಿಗೆ ಬೆರೆಸಿದರೆ ವಿಷಾನಿಲ ಹೊಮ್ಮುವುದರಿಂದ ಎರಡನ್ನೂ ಪ್ರತ್ಯೇಕವಾಗಿ ಶೇಖರಿಸಬೇಕು.

9. ಬಾಡಿಗೆಗೆ ನೀಡುವ ಮುನ್ನ

ಹೋಂಸ್ಟೇ ಎಂದರೆ ಮಾಲೀಕರ ಕುಟುಂಬವು ವಾಸವಿರುವ ಮನೆಯ ಕೆಲವು ಕೊಠಡಿಗಳನ್ನು ಅತಿಥಿಗಳಿಗೆ ನೀಡುವುದು. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಹೋಂಸ್ಟೇ ಯೋಜನೆಯಲ್ಲಿ ಗರಿಷ್ಠ 6 ಕೊಠಡಿಗಳಿಗೆ ಅವಕಾಶವಿದ್ದು, ಮಾಲೀಕರು ಅಥವಾ ಅವರ ಕುಟುಂಬದವರು ಅಲ್ಲಿಯೇ ವಾಸಿಸುತ್ತಿರಬೇಕು. ಮಾಲೀಕರು ಬೇರೆ ಊರಿನಲ್ಲಿದ್ದು, ಇಡೀ ಮನೆಯನ್ನು ತೋಟ ಮತ್ತು ಕೊಳದೊಡನೆ ಒಂದೇ ತಂಡಕ್ಕೆ ನೀಡುವ ವಿಶ್ರಾಂತಿ ಗೃಹವು ಈ ವರ್ಗಕ್ಕೆ ಸೇರುವುದಿಲ್ಲ. ಅರ್ಜಿಯಲ್ಲಿ ಯಾವ ವರ್ಗವೆಂಬುದನ್ನು ಸರಿಯಾಗಿ ನಮೂದಿಸತಕ್ಕದ್ದು.

ಅತಿಥಿಗಳ ಗುರುತಿನ ದಾಖಲೆ ಹಾಗೂ ನೋಂದಣಿ ಪುಸ್ತಕವನ್ನು ಇಡಬೇಕು. ವಿದೇಶಿ ಅತಿಥಿಗಳು ತಂಗಿದಲ್ಲಿ 24 ಗಂಟೆಗಳೊಳಗೆ ವಿದ್ಯುನ್ಮಾನ ಮಾಧ್ಯಮದ ಮೂಲಕ ಮಾಹಿತಿ ಸಲ್ಲಿಸುವುದು ಕಡ್ಡಾಯ. ಊಟೋಪಚಾರ ಒದಗಿಸುವವರು ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಅಥವಾ ಪರವಾನಗಿ ಪಡೆಯಬೇಕು. ವಾರ್ಷಿಕ ವಹಿವಾಟು 20 ಲಕ್ಷ ರೂ. ಮೀರಿದರೆ ಸರಕು ಮತ್ತು ಸೇವಾ ತೆರಿಗೆ ನೋಂದಣಿ ಅಗತ್ಯ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂ. ವರೆಗಿನ ಕೊಠಡಿ ಬಾಡಿಗೆಗೆ ಶೇ. 5, ಅದನ್ನು ಮೀರಿದ ಬಾಡಿಗೆಗೆ ಶೇ. 18ರ ದರ ಅನ್ವಯವಾಗುತ್ತದೆ.

10. ಅನುಕ್ರಮ ಪಟ್ಟಿ

(1) ಪಹಣಿ, ಋಣಭಾರ ಪತ್ರ, ಹದ್ದುಬಸ್ತು
(2) ಸ್ಮಾರಕ, ಕರಾವಳಿ, ಅರಣ್ಯ ನಿರ್ಬಂಧಗಳ ಖಚಿತತೆ
(3) ಉದ್ದೇಶ ನಮೂದಿಸಿ ಭೂ ಪರಿವರ್ತನೆ
(4) ಕೊಳ ಸಹಿತ ನಕ್ಷೆಗೆ ಅನುಮೋದನೆ ಮತ್ತು ಪರವಾನಗಿ
(5) ಅಂತರ್ಜಲ ಅನುಮತಿ, ಮಳೆನೀರು ಸಂಗ್ರಹ ವ್ಯವಸ್ಥೆ
(6) ಪರವಾನಗಿ ಸಹಿತ ಕಲ್ಲಿನ ಖರೀದಿ, ನಿರ್ಮಾಣ
(7) ಪ್ರವಾಸೋದ್ಯಮ, ಆಹಾರ ಮತ್ತು ತೆರಿಗೆ ನೋಂದಣಿ

ಹಿಂದಿನ ಹಂತದ ಲಿಖಿತ ಆದೇಶ ಕೈಸೇರುವ ಮುನ್ನ ಮುಂದಿನ ಹಂತಕ್ಕೆ ಹಣ ತೊಡಗಿಸಬಾರದು.

11. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಕಚೇರಿಯಲ್ಲಿ ಅರ್ಜಿ ವಿಳಂಬವಾದರೆ ಏನು ಮಾಡಬೇಕು?
ಉತ್ತರ: ಕರ್ನಾಟಕ ನಾಗರಿಕರಿಗೆ ಸೇವೆಗಳ ಖಾತರಿ ಅಧಿನಿಯಮ, 2011ರ (ಸಕಾಲ) ವ್ಯಾಪ್ತಿಗೆ ಬರುವ ಸೇವೆಗಳಿಗೆ ಕಾಲಮಿತಿ ನಿಗದಿಯಾಗಿದೆ. ಅರ್ಜಿ ಸಲ್ಲಿಸಿದಾಗ ಸಕಾಲ ಸಂಖ್ಯೆಯಿರುವ ಸ್ವೀಕೃತಿಯನ್ನು ಕೇಳಿ ಪಡೆಯಬೇಕು. ವಿಳಂಬವಾದಲ್ಲಿ ಮೇಲ್ಮನವಿ ಸಲ್ಲಿಸಬಹುದು. ದಿನಕ್ಕೆ 20 ರೂ.ನಂತೆ ಗರಿಷ್ಠ 500 ರೂ. ಪರಿಹಾರಕ್ಕೂ ಅವಕಾಶವಿದೆ.

ಪ್ರಶ್ನೆ: ಈಗಾಗಲೇ ಕಲ್ಲಿನ ತೋಟದ ಮನೆ ಕಟ್ಟಿದ್ದು, ಇನ್ನು ಮುಂದೆ ಬಾಡಿಗೆಗೆ ನೀಡಬೇಕೆಂದಿದ್ದರೆ?
ಉತ್ತರ: ಬಾಡಿಗೆಗೆ ನೀಡುವ ಮುನ್ನವೇ ತಹಸೀಲ್ದಾರರ ಕಚೇರಿಯನ್ನು ಸಂಪರ್ಕಿಸಿ ಪರಿವರ್ತನೆಗೆ ಅರ್ಜಿ ಸಲ್ಲಿಸುವುದು ಸೂಕ್ತ. ವಾಸ್ತವ ಸ್ಥಿತಿಯನ್ನು ಮರೆಮಾಚದೆ ತಿಳಿಸಬೇಕು.

ಪ್ರಶ್ನೆ: ಮಧ್ಯವರ್ತಿಗಳ ಮೂಲಕ ಅರ್ಜಿ ಸಲ್ಲಿಸಬಹುದೇ?
ಉತ್ತರ: ಅಗತ್ಯವಿಲ್ಲ. ನಿಗದಿತ ಶುಲ್ಕವನ್ನು ಮಾತ್ರ ಪಾವತಿಸಿ ರಸೀದಿ ಪಡೆಯಬೇಕು. ‘ಆಮೇಲೆ ಸರಿಮಾಡಿಕೊಡುತ್ತೇವೆ’ ಎಂಬ ಮೌಖಿಕ ಭರವಸೆಗೆ ಯಾವುದೇ ಬೆಲೆಯಿಲ್ಲ.

12. ಕೊನೆಯದಾಗಿ

ಚೆನ್ನಾಗಿ ಕಟ್ಟಿದ ಕಲ್ಲಿನ ಮನೆಯು ಕಟ್ಟಿಸಿದವರ ಮೊಮ್ಮಕ್ಕಳ ಕಾಲಕ್ಕೂ ಉಳಿಯುತ್ತದೆ. ಅದರೊಡನೆ ದಾಖಲೆಗಳೂ ಅಷ್ಟೇ ಕಾಲ ಉಳಿಯುವಂತಿರಬೇಕು. ಪರಿವರ್ತನೆ ಆದೇಶ, ಅನುಮೋದಿತ ನಕ್ಷೆ, ಕಲ್ಲಿನ ಬಿಲ್ಲುಗಳು ಹಾಗೂ ನೀರಿನ ಪರೀಕ್ಷಾ ಪುಸ್ತಕ ಇವುಗಳನ್ನು ಒಂದೇ ಕಡತದಲ್ಲಿ ಇರಿಸಿ, ಕುಟುಂಬದವರಿಗೂ ತಿಳಿಸಿರುವುದು ಒಳಿತು. ನಿಯಮಗಳು ಹಾಗೂ ದರಗಳು ಕಾಲಕಾಲಕ್ಕೆ ತಿದ್ದುಪಡಿಯಾಗುವುದರಿಂದ, ಅರ್ಜಿ ಸಲ್ಲಿಸುವ ದಿನದಂದು ಜಾರಿಯಲ್ಲಿರುವ ನಿಯಮಗಳನ್ನು ಸಂಬಂಧಿಸಿದ ಕಚೇರಿಯಲ್ಲಿ ಖಚಿತಪಡಿಸಿಕೊಳ್ಳುವಂತೆ ನಾಗರಿಕರಲ್ಲಿ ಕೋರಲಾಗಿದೆ.